ಅಟ್ಟದಿಂದ ಇಳಿದ ಕಾಯಿ

ಬಾಗಿಲು ಅರ್ಧ ತೆರೆಯಿತು, ಅಷ್ಟಕ್ಕೇ ನಿಂತಿತು. ಸಂದಿಯಲ್ಲಿ ನಿಂತ ದ್ರಾಕ್ಷಾಯಣಮ್ಮನ ಕೈಯಲ್ಲಿ ಮುದ್ದೆ ತೊಳಸುವ ಕೋಲಿತ್ತು. ತುರುವೇಕೆರೆಯ ಆ ಹಳೆಯ ಬೀದಿಗೆ ಮಧ್ಯಾಹ್ನದ ಹೊತ್ತಿನಲ್ಲಿ ಇಸ್ತ್ರಿ ಮಾಡಿದ ಶರಟು ತೊಟ್ಟು ಬರುವವರು ಎರಡೇ ಬಗೆ. ಹೆಣ್ಣು ಕೇಳಲು ಬರುವವರು, ಇಲ್ಲವೇ ಸಾಲ ವಸೂಲಿಗೆ ಬರುವವರು. ಈ ಮನೆಯಲ್ಲಿ ಮದುವೆಗೆ ಬಂದ ಹುಡುಗಿಯರಿರಲಿಲ್ಲ.

"ಯಾವೂರು? ಯಾರ ಮಗ?"

"ತಿಪಟೂರಮ್ಮ. ಉಜ್ವಲ್ ಅಂತ. ಅಲ್ಲೇ ಕೊಬ್ಬರಿ ಮಂಡೀಲಿ ಗುಮಾಸ್ತ. ನಿಮಗೊಂದು ಸಹಾಯ ಮಾಡೋಣ ಅಂತ ಬಂದೆ."

"ನಾನು ಕೇಳಿದ್ನಾ?"

ಉಜ್ವಲ್ ಸುಮ್ಮನೆ ಹಲ್ಲು ಬಿಟ್ಟ. ದುಡ್ಡು ಕೊಟ್ಟು ಮೊಬೈಲಿನಲ್ಲಿ ಕಲಿತ ಪಾಠದಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಕಂದಾಯ ಬಾಕಿ ಉಳಿಸಿಕೊಂಡವರ ಮನೆ ಹುಡುಕು, ಮಾಲೀಕರನ್ನು ನೇರವಾಗಿ ಕಾಣು, ಕಡಿಮೆಗೆ ಕೊಂಡು ಹೆಚ್ಚಿಗೆ ಮಾರು: ಪಾಠವೆಂದರೆ ಇಷ್ಟೇ. 'ಬಾಕಿ ಕಟ್ಟದ ಮನೆ ಹರಾಜಾಗುತ್ತದೆ. ಬೆಲೆಯಿಂದ ಶುರು ಮಾಡಬೇಡಿ, ಆ ಭಯದಿಂದ ಶುರು ಮಾಡಿ' ಎಂದು ಅದರಲ್ಲಿ ಟೈ ಕಟ್ಟಿಕೊಂಡವನೊಬ್ಬ ಹೇಳಿದ್ದನ್ನು ಉಜ್ವಲ್ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದ. ಪಟ್ಟಣ ಪಂಚಾಯಿತಿಯ ಗೋಡೆಗೆ ಅಂಟಿಸಿದ್ದ ಬಾಕಿದಾರರ ಹೆಸರುಗಳಲ್ಲಿ ಈ ಮನೆ ಸಿಕ್ಕಿತ್ತು. ಬಾಡಿಗೆ ಮನೆಗಳಲ್ಲೇ ಬೆಳೆದವನು, ಸ್ವಂತಕ್ಕೊಂದು ಸೂರು ಆಗಬೇಕೆಂಬ ಆಸೆ ಅವನಿಗೆ ಮೊದಲಿನಿಂದಲೂ ಇತ್ತು. ಅದನ್ನು ತಪ್ಪೆನ್ನುವಂತಿಲ್ಲ.

"ಈ ಮನೆ ಕಂದಾಯ ಬಹಳ ವರ್ಷದಿಂದ ಬಾಕಿ ಇದೆಯಲ್ಲಮ್ಮ?"

ದ್ರಾಕ್ಷಾಯಣಮ್ಮ ಪಕ್ಕದ ಮನೆಯ ಕಿಟಕಿಯತ್ತ ನೋಡಿದಳು. "ಮೆಲ್ಲಗ್ ಮಾತಾಡು. ಮನೆ ಇನ್ನೂ ನಮ್ಮ ಮಾವನ ಹೆಸ್ರಲ್ಲೇ ಐತೆ. ಅಣ್ಣ ಕಟ್ಲಿ ಅಂತ ತಮ್ಮ, ತಮ್ಮ ಕಟ್ಲಿ ಅಂತ ಅಣ್ಣ, ಹಂಗೇ ನಿಂತೋಯ್ತು. ನಮ್ಮೆಜಮಾನ್ರು ಕೊಬ್ರಿ ಲಾರಿ ತಗಂಡು ಡೆಲ್ಲಿ ಕಡೆ ಹೋಗವ್ರೆ. ಅಟ್ಟದ್ ತುಂಬ ಕಾಯಿ ಐತೆ. ಶಿವರಾತ್ರಿ ಕಳೆದ್ ಮೇಲೆ ಕೊಬ್ರಿ ಆಯ್ತದೆ. ಮಾರಿ ಕಟ್ತೀವಿ."

"ಅಲ್ಲೀವರೆಗೂ ಅವರು ಕಾಯಲ್ಲಮ್ಮ. ಮನೆ ಹರಾಜು ಹಾಕ್ತಾರೆ."

ಕೊಬ್ಬರಿ ಹರಾಜನ್ನು ವಾರವಾರವೂ ನೋಡುವವನ ನಾಲಿಗೆಗೆ ಆ ಮಾತು ಸಲೀಸಾಗಿ ಬಂತು. ದ್ರಾಕ್ಷಾಯಣಮ್ಮನ ಕೈಯ ಕೋಲು ಮಾತ್ರ ಕೆಳಗಿಳಿಯಿತು.

"ಮನೇನಾ?"

"ಹೂಂ. ಅದಕ್ಕೆ ಮುಂಚೆ ನನಗೇ ಕೊಟ್ಬುಡಿ. ಬಾಕಿ ನಾನು ಕಟ್ಕೋತೀನಿ. ನಿಮ್ಮ ಕೈಗೂ ಒಂದಿಷ್ಟು ಬರುತ್ತೆ."

"ನಿನ್ನ ಕಳ್ಸಿದ್ದು ಯಾರು? ನಮ್ಮ ಮೈದುನನಾ?"

"ಯಾರೂ ಕಳ್ಸಿಲ್ಲಮ್ಮ, ನಾನೇ ಬಂದೆ."

"ಯಾರೂ ಕಳಿಸ್ದೆ ಯಾರೂ ಬರಲ್ಲ ಕಣಪ್ಪ," ಎಂದು ಅವಳು ಬಾಗಿಲು ಹಾಕಿಕೊಂಡಳು.

ಮನೆ ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರೂ ಕೊಡದೆ ಕಳಿಸುವ ಸೀಮೆಯಲ್ಲ ಅದು. ಉಜ್ವಲನಿಗೆ ಅವಮಾನವಾಯಿತು. ಆದರೂ ಹೆಂಗಸಿನ ಮುಖ ಬಿಳಿಚಿಕೊಂಡದ್ದನ್ನು ನೆನೆದು ಒಳಗೊಳಗೇ ಹಿಗ್ಗಿದ. ಅಂದು ಸಂಜೆಯೇ ಚಿಕ್ಕನಾಯಕನಹಳ್ಳಿಗೆ ಹೋಗಿ, ಅಲ್ಲಿ ಕಂದಾಯ ಬಾಕಿ ಉಳಿಸಿಕೊಂಡಿದ್ದ ವೆಂಕಟಯ್ಯ ಎನ್ನುವವರ ಮನೆಯಲ್ಲೂ ಇದೇ ಪಾಠ ಒಪ್ಪಿಸಿದ.

ಮುಂದಿನ ವಾರ ದ್ರಾಕ್ಷಾಯಣಮ್ಮನ ಮನೆಯ ಬಾಕಿ ಎಷ್ಟೆಂದು ವಿಚಾರಿಸಲು ತುರುವೇಕೆರೆಯ ಪಂಚಾಯಿತಿ ಕಚೇರಿಗೆ ಹೋದಾಗ ಕಂದಾಯ ವಸೂಲಿಯ ತಿಪ್ಪಯ್ಯ ಅವನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದರು.

"ಆ ಮನೆಗೂ ನಿನಗೂ ಏನಪ್ಪ ಸಂಬಂಧ?"

"ಹಂಗೇನಿಲ್ಲ ಸಾರ್. ಹರಾಜು ಯಾವಾಗ ಅಂತ."

"ಯಾವ ಹರಾಜು? ನಾನು ಈ ಊರಿಗೆ ಬಂದ್ಮೇಲೆ ಒಂದು ಮನೇನೂ ಹರಾಜಾಗಿಲ್ಲ. ನೋಟೀಸ್ ಹೋಯ್ತದೆ, ದಂಡ ಬೀಳ್ತದೆ, ಕೈಗೆ ದುಡ್ಡು ಬಂದಾಗ ಬಂದು ಕಟ್ತಾರೆ. ಯಾರು ಹೇಳಿದ್ದು ನಿನಗೆ?"

ಯಾರು ಹೇಳಿದ್ದು? ಟೈ ಕಟ್ಟಿದವನು ಯಾವ ದೇಶದ ಕಾನೂನು ಹೇಳಿದ್ದನೋ ಏನೋ. ಮಂಡಿಯಲ್ಲಿ ಕಂಡಕಂಡವರ ಮೇಲೆಲ್ಲ ಅನುಮಾನ ಪಡುವ ಉಜ್ವಲ್, ಅವನೊಬ್ಬನನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದ. ಕಚೇರಿಯ ಮೆಟ್ಟಿಲಿಳಿಯುವಾಗ ನಾಚಿಕೆಯಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಹರಾಜು ಸುಳ್ಳೆಂದು ಆ ಹೆಂಗಸಿಗೇನೂ ಗೊತ್ತಿಲ್ಲವಲ್ಲ. ಹೆದರಿಕೆ ಇನ್ನೊಂದೆರಡು ದಿನ ಹಾಗೇ ಇದ್ದರೆ ಮನೆ ತನ್ನದಾದರೂ ಆಗಬಹುದು. ಹೇಳುವುದೋ ಬಿಡುವುದೋ ತೀರ್ಮಾನಿಸದೆಯೇ ಬೈಕನ್ನು ಅವಳ ಬೀದಿಗೆ ತಿರುಗಿಸಿದ.

ಈ ಸಲ ಬಾಗಿಲು ಪೂರ್ತಿ ತೆರೆದಿತ್ತು. ಪಡಸಾಲೆಯ ತುಂಬ ಅಟ್ಟದಿಂದ ಇಳಿಸಿದ ಕಾಯಿ ಬಿದ್ದಿತ್ತು. ದ್ರಾಕ್ಷಾಯಣಮ್ಮ ಒಂದು ಮೂಲೆಯಲ್ಲಿ ಕುಳಿತು ಮಚ್ಚಿನಲ್ಲಿ ಒಂದೊಂದೇ ಕಾಯಿ ಸುಲಿದು ಒಡೆಯುತ್ತಿದ್ದಳು. ಸುಲಿಯದೆ ಅಟ್ಟದಲ್ಲಿಟ್ಟ ಕಾಯಿ ಹೆಚ್ಚುಕಮ್ಮಿ ಒಂದು ವರ್ಷ ಕಾದರೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಉಜ್ವಲ್ ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಕೊಬ್ಬರಿ ಅಲುಗಲಿಲ್ಲ, ನೀರು ಕುಲುಕಿತು. ಒಡೆದವುಗಳಲ್ಲೆಲ್ಲ ಚಿಪ್ಪಿಗೆ ಅಂಟಿಕೊಂಡ ಹಸಿ ಹೋಳುಗಳು. ಮಂಡಿಗೆ ಇಂಥ ಮಾಲು ಬಂದರೆ ಮುಟ್ಟಿಯೂ ನೋಡದೆ ಪಕ್ಕಕ್ಕೆ ತಳ್ಳಿಸುವವನು ಅವನೇ.

"ಏನಮ್ಮ ಇದು? ಇಷ್ಟು ಬೇಗ ಯಾಕೆ ಇಳಿಸಿದ್ರಿ?"

"ನೀನೇ ಹೇಳ್ದಲ್ಲಪ್ಪ, ಹರಾಜು ಅಂತ. ನಿನ್ ಕೈಗೆ ಮನೆ ಕೊಡಾದ್ಕಿಂತ ಹಸಿ ಕೊಬ್ರಿ ಮಾರಾದೇ ವಾಸಿ ಅಂದ್ಕಂಡೆ." ಅವಳು ತಲೆಯೆತ್ತಲಿಲ್ಲ. "ನಿನ್ನ ನಾನು ನಂಬ್ನಿಲ್ಲ. ನಿನ್ ಮಾತ್ ನಂಬಿದೆ."

ಉಜ್ವಲ್ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ವರ್ಷದ ಫಸಲು. ತಾನು ಬಾಗಿಲಲ್ಲಿ ನಿಂತು ಆಡಿದ್ದು ಒಂದೇ ಒಂದು ಮಾತು.

"ಒಡೀಬೇಡಿ ಅಮ್ಮ. ಹರಾಜೂ ಇಲ್ಲ, ಏನೂ ಇಲ್ಲ. ವಿಚಾರಿಸದೇ ಹೇಳ್ಬುಟ್ಟೆ. ತಪ್ಪಾಯ್ತು."

ಮಚ್ಚು ನಿಲ್ಲಲಿಲ್ಲ. "ಅವತ್ತು ಐತೆ ಅಂದೆ, ಇವತ್ತು ಇಲ್ಲ ಅಂತೀಯ. ಇದ್ರಲ್ಲಿ ಏನ್ ಹೂಟ ಐತೋ."

"ಬೇಕಾದ್ರೆ ತಿಪ್ಪಯ್ಯನೋರನ್ನ ಕೇಳಿ, ಫೋನ್ ಮಾಡಿ ಕೊಡ್ತೀನಿ."

"ನಿನ್ ಫೋನ್ ಬ್ಯಾಡ."

ಅವಳು ಒಳಗೆ ಹೋಗಿ ತನ್ನದೇ ಫೋನಿನಲ್ಲಿ ತಿಪ್ಪಯ್ಯನವರ ಜೊತೆ ಮಾತಾಡಿದಳು. ಬಹಳ ಹೊತ್ತು 'ಹೂಂ' ಎನ್ನುವುದು ಮಾತ್ರ ಕೇಳಿಸಿತು. ಹೊರಗೆ ಬಂದವಳು ಒಡೆದ ಹೋಳುಗಳನ್ನು ನೋಡುತ್ತ ನಿಂತಳು. ಬೈದಿದ್ದರೆ ಉಜ್ವಲನಿಗೆ ಹಗುರವಾಗುತ್ತಿತ್ತು.

ಅವನು ಶರಟಿನ ತೋಳು ಮಡಚಿ, ಇನ್ನೂ ಸುಲಿಯದ ಕಾಯಿಗಳನ್ನು ಕುಕ್ಕೆಗೆ ತುಂಬಿ ಏಣಿ ಹತ್ತಿದ. ಏಣಿಯ ಬುಡದಲ್ಲಿ ದ್ರಾಕ್ಷಾಯಣಮ್ಮ ಕಾವಲು ನಿಂತಳು. "ಕಾಯಿ ಹಾಕು ಅಷ್ಟೇ. ಮನೆ ಅಳತೆ ತಗಬ್ಯಾಡ," ಎಂದಳು. ಅವನು ಹೂಂಗುಟ್ಟಿದ. ಬಿಸಿಲು ಇಳಿಯುವ ಹೊತ್ತಿಗೆ ಪಡಸಾಲೆಯಲ್ಲಿ ಒಡೆದ ಕಾಯಿ ಮಾತ್ರ ಉಳಿದಿತ್ತು.

"ಇದನ್ನ ಒಣಗಿಸಿ ಎಣ್ಣೆ ಗಾಣಕ್ಕೆ ಕೊಡಿಸ್ತೀನಮ್ಮ. ಬೀಳೋ ನಷ್ಟ ನಂದು."

"ಆ ಮಾತು ಆಮೇಲೆ," ಎಂದು ಅವಳು ಒಳಗಿನಿಂದ ಒಂದು ಲೋಟ ನೀರು ತಂದು ಮುಂದೆ ಹಿಡಿದಳು. ಅವನು ಲೋಟ ಎತ್ತುವಷ್ಟರಲ್ಲಿ ಕೇಳಿದಳು, "ಈ ಹರಾಜಿನ್ ಮಾತ ಇನ್ಯಾರಿಗಾರ ಹೇಳಿದ್ದೀಯಾ?"

"ಚಿಕ್ಕನಾಯಕನಹಳ್ಳೀಲಿ," ಎಂದ ಉಜ್ವಲ್. "ಒಬ್ಬರಿಗೆ."

"ಅವ್ರ ಮನೇಲೂ ಅಟ್ಟ ಐತಾ?"

ವೆಂಕಟಯ್ಯನವರ ಪಡಸಾಲೆಯ ಗೋಡೆಗೆ ಒರಗಿಸಿದ್ದ ಏಣಿ ಅವನಿಗೆ ಈಗ ನೆನಪಾಯಿತು. ಲೋಟವನ್ನು ಹಾಗೇ ಜಗಲಿಯ ಮೇಲಿಟ್ಟು ಬೈಕಿನತ್ತ ಓಡಿದ.

"ಹೋಗು, ಬಿರ್ರನೆ ಹೋಗು," ಎಂದು ದ್ರಾಕ್ಷಾಯಣಮ್ಮ ಹಿಂದಿನಿಂದ ಕೂಗಿದಳು. "ವಾಪಸ್ ಬಂದ್ಮೇಲೆ ನೀರು ಕುಡಿಯುವಂತೆ."