ಬಂದೆ ಅತ್ತೆ, ಇದೊಂದು ಪಾಯಿಂಟ್

ಟಕ್ ಟಕ್ ಟಕ್, ಟೀವಿಯಲ್ಲಿ, ಸರ್ವ್ ಮಾಡುವ ಮುಂಚೆ ಚೆಂಡನ್ನು ನೆಲಕ್ಕೆ ಕುಟ್ಟುತ್ತಾಳೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ನನ್ನ ಮುದುಕಿ, ಟೆನಿಸ್‌ನಲ್ಲಿ ಮೂವತ್ತೆಂಟು ಅಂದರೆ ಮುದುಕಿಯೇ, ಎದುರಿನ ಹುಡುಗಿಗಿನ್ನೂ ಹಾಲುಗಲ್ಲ, ಮೊದಲ ಸೆಟ್ ಸೋತಾಗ ಇವಳ ಕಥೆ ಮುಗೀತು ಅಂದ ಕಾಮೆಂಟರಿಯವನೇ ಈಗ ಗಂಟಲು ಹರಿದುಕೊಳ್ಳುತ್ತಿದ್ದಾನೆ — ಚೆಂಡು ಮೇಲೆ ಹೋಯಿತು, ಹೊಡೆದಳು, ಎರಡನೇ ಸರ್ವೂ ನೆಟ್ಟಿಗೆ, ಮತ್ತೆ ಡ್ಯೂಸ್, ಸಮಸಮ, ಬೆನ್ನುಬೆನ್ನಿಗೆ ಎರಡು ಪಾಯಿಂಟ್ ಗೆಲ್ಲುವ ತನಕ ಗೇಮಿಗೆ ಕೊನೆಯೇ ಇಲ್ಲ, ಎಂಥ ಚಂದದ ನಿಯಮ — ಟಕ್ ಟಕ್, ಇದು ಚೆಂಡಲ್ಲ, ಒಳಕೋಣೆಯಲ್ಲಿ ಅತ್ತೆ ಮಂಚದ ಕಂಬಿಗೆ ಚಮಚ ಬಡಿಯುತ್ತಿದ್ದಾರೆ, ಉಬ್ಬಸ ಹತ್ತಿದರೆ ಕೂಗಲಾಗುವುದಿಲ್ಲ, ಅದಕ್ಕೇ ಚಮಚ, ಅಮ್ಮನ ಕೈಗೆ ಪಂಪ್ ಸಿಗೋ ಹಾಗಿಡು, ಮರೀಬೇಡ, ಅಂತ ಹೇಳಿಯೇ ಇವರು ಹೊರಟದ್ದು, ಉಸಿರಿನ ಆ ಪಂಪು ತೊಳೆದು ಒರೆಸಿದ್ದು ನನ್ನ ಮುಷ್ಟಿಯಲ್ಲೇ ಇದೆ, ಬಂದೆ ಅತ್ತೆ, ಇದೊಂದು ಪಾಯಿಂಟ್ — ಏನೇ ಅದು ಜರಡಿ, ಮದುವೆಯಾದ ಹೊಸತರಲ್ಲಿ ಕೇಳಿದ್ದರು, ರ‍್ಯಾಕೆಟ್ ಅತ್ತೆ, ಕಾಲೇಜಲ್ಲಿ ಆಡ್ತಿದ್ದೆ, ತೊಡೆ ತೋರಿಸ್ಕೊಂಡು ಕುಣಿಯೋದಕ್ಕೆ ಆಟ ಅಂತೀಯಾ, ಆಮೇಲೆ ಅದರಲ್ಲೇ ಕಂಬಳಿಯ ಧೂಳು ಬಡಿಸಿದರು, ಜೋರಾಗಿ ಬಡಿಯೇ, ಆಟಗಾರ್ತಿ ಅಲ್ವಾ ನೀನು, ಅಕ್ಕಪಕ್ಕದವರೆಲ್ಲ ನಕ್ಕರು, ತಂತಿ ಒಂದೊಂದೇ ಹರಿಯಿತು — ಅಯ್ಯೋ ಬಿದ್ದಳು, ಬಿದ್ದೇ ಹೊಡೆದಳು, ಚೆಂಡು ಗೆರೆ ಮುಟ್ಟಿದೆ, ಮುಟ್ಟಿದೆ! ಏಳೇ ನನ್ನವ್ವ, ಏಳು, ಎದ್ದಳು, ಮಂಡಿಯಿಂದ ರಕ್ತ, ನಗುತ್ತಿದ್ದಾಳೆ, ನನ್ನ ಮೈಯೆಲ್ಲ ಜುಮ್ಮೆನ್ನುತ್ತಿದೆ, ಈ ಮನೆಗೆ ಬಂದಮೇಲೆ ಸಂತೋಷಕ್ಕೆ ಅತ್ತದ್ದು ಇವತ್ತೇ, ನೆಲಕಚ್ಚಿದವಳೂ ಏಳಬಹುದು ಅಂತ ಕಣ್ಣಾರೆ ಕಂಡೆನಲ್ಲ — ಟಕ್, ಟಕ್, ನಿಧಾನವಾಯಿತು, ಚೆಂಡೋ ಚಮಚವೋ ತಿಳೀಲಿಲ್ಲ ರೀ ಅಂತ ಇವರಿಗೆ ಹೇಳಬಹುದು, ತಿಳಿಯುತ್ತದೆ, ಚೆನ್ನಾಗಿಯೇ ತಿಳಿಯುತ್ತದೆ, ಬಡೀರಿ ಅತ್ತೆ, ಜೋರಾಗಿ ಬಡೀರಿ — ಅಡ್ವಾಂಟೇಜ್, ಇದನ್ನು ಗೆದ್ದರೆ ಕಪ್ ಅವಳದೇ, ನಾನೇನು ರಾಕ್ಷಸಿಯಲ್ಲ, ಹೋಗುತ್ತೇನೆ, ನಾಲ್ಕು ಹೆಜ್ಜೆ, ಕೊಟ್ಟೇ ಕೊಡುತ್ತೇನೆ, ಚೆಂಡು ಮೇಲೆ ಹೋಯಿತು, ಬೇಡ ಅಂತ ಹಿಡಿದುಬಿಟ್ಟಳು, ಗಾಳಿ, ಮತ್ತೆ ಕುಟ್ಟುತ್ತಾಳೆ, ಸಾವಿರಾರು ಜನ ಉಸಿರು ಬಿಗಿಹಿಡಿದಿದ್ದಾರೆ, ಚಮಚದ ಸದ್ದಿಲ್ಲ, ನಿದ್ದೆ ಹತ್ತಿತೇನೋ, ಪಾಪ, ಮುಷ್ಟಿ ಬಿಗಿದು ಪಂಪು ಒತ್ತಿಹೋಯಿತು, ಔಷಧಿ ಪುಸ್ಸಂತ ನನ್ನ ಮುಖಕ್ಕೇ ಹಾರಿತು, ತುಟಿಯೆಲ್ಲ ಕಹಿ, ಅತ್ತೆ, ಅಂದೆ, ಉತ್ತರವಿಲ್ಲ, ಅವಳು ಚೆಂಡನ್ನು ಎಸೆದಳು, ಮೇಲೆ, ಬಿಸಿಲಲ್ಲಿ ಹಳದಿ, ಇನ್ನೂ ಮೇಲೆ, ಅದು ಇಳಿದರೆ ನಾನು ಎದ್ದು ಹೋಗಿ ನೋಡಬೇಕು, ಇಳೀಬೇಡ, ಅಲ್ಲೇ ಇರು, ಹಳದಿ ಚೆಂಡು, ಅಲ್ಲೇ