ಮಲಗದ ಮನೆಯ ಕೇಸು

ಒಂದು ರಾತ್ರಿಯೂ ಮಲಗದ ಮನೆಯಿಂದ ಮಾರ್ಟಿನಾಳನ್ನು ಒಕ್ಕಲೆಬ್ಬಿಸಿದರು. ಬಾಡಿಗೆ ಕಟ್ಟದೆ ಊರಿಗೆ ಹೋದವನು ಫಿಡೆಲಿಸ್. ಕಾಂಟ್ರಾಕ್ಟಿನಲ್ಲಿದ್ದದ್ದು ಅವಳ ಹೆಸರು, ಕೇಸು ಬಿದ್ದದ್ದು ಅವಳ ಮೇಲೆ. ಈಗ ಈ ಅರಬ್ಬಿ ನಗರದ ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ, ಬಾಡಿಗೆ ಮನೆ ಕೊಡಿಸುವ ಈ ಆಫೀಸಿನಲ್ಲಿ ಎಸಿಯ ಗಾಳಿ ನೇರ ಕುತ್ತಿಗೆಗೆ ಬಡಿಯುತ್ತಿದೆ, ಪಕ್ಕದಲ್ಲಿ ಅಕ್ಕನ ಮಗಳು ರೀಮಾ, ಬಸ್ಸಿನ ದಾರಿಯೂ ಇನ್ನೂ ಗೊತ್ತಿಲ್ಲದ ಹುಡುಗಿ, ಪೆನ್ನು ಕಚ್ಚುತ್ತಿದ್ದಾಳೆ, ಏಜೆಂಟ್ ದ್ವಾರಕನಾಥ ಸ್ಕ್ರೀನ್ ನೋಡಿ ಲೊಚಗುಟ್ಟುತ್ತಾನೆ — ತಪ್ಪು ತಿಳ್ಕೋಬೇಡಿ ಮೇಡಂ, ಹಳೇ ತೆರವು ಕೇಸ್ ಇದ್ರೆ ಕಟ್ಟಡದ ಕಂಪನಿಯವ್ರು ಮನೆ ಕೊಡಲ್ಲ — ಅದು ಮುಗಿದ ಕೇಸು ಮಾರಾಯ್ರೆ, ಎಲ್ಲ ಕಟ್ಟಿದ್ದೇನೆ — ಮುಗಿದಿದೆ ಮೇಡಂ, ರೆಕಾರ್ಡಿಂದ ಹೋಗಿಲ್ಲ — ಮುಗಿದದ್ದು ಹೋಗುವುದಿಲ್ಲವೆಂದರೆ ಅದೆಂಥ ಮುಗಿಯುವುದು, ಹೆಣವನ್ನಾದರೂ ಮಣ್ಣು ಮಾಡುತ್ತಾರೆ, ಆಸ್ಪತ್ರೆಯ ಕೌಂಟರಿನಲ್ಲಿ ಜೊತೆಗಿರುವ ಶಮೀಮ ಹೇಳಿದ್ದಳು, ಕೆಲವು ದೇಶಗಳಲ್ಲಿ ಹೋರಾಡಿ ಕಾನೂನು ಮಾಡಿಸಿದ್ದಾರಂತೆ, ಬಾಡಿಗೆದಾರರ ಹಳೆಯ ತೆರವಿನ ದಾಖಲೆಗೆ ಮೊಹರು, ಮತ್ತೆ ಮನೆ ಮಾಲೀಕರು ಯಾರೂ ತೆರೆದು ನೋಡುವಂತಿಲ್ಲ, ಇಲ್ಲಿಗೂ ಬರಲಿ ಮಾರಾಯ್ತಿ, ಬರುವಾಗ ನಾವು ಇರ್ತೇವಾ, ಎಂದು ನಕ್ಕಿದ್ದಳು — ಅಂಥ ಕಾನೂನು ಕೇಳಬೇಕಾದವರು ಯಾರು, ಇಲ್ಲಿಯವರ ಲಿಫ್ಟು ಒರೆಸುವವರು, ಇವರ ಗಾಯ ತೊಳೆಯುವವರು, ಬಾಯಿಬಿಟ್ಟರೆ ಊರಿನ ಟಿಕೆಟು — ಈಗಿರುವ ಕಟ್ಟಡ ಕೆಡವುತ್ತಾರೆ, ಮನೆ ಸಿಗದಿದ್ದರೆ ಮಗಳು ಸ್ವೀಡಲ್ ಮಂಗಳೂರಿನ ಹಾಸ್ಟೆಲಿಗೆ, ಮಮ್ಮಾ ಐ ವೋಂಟ್ ಗೋ, ಬೆಳಿಗ್ಗೆಯೂ ಅಂದಳು ಬೂಟಿನ ಲೇಸು ಕಟ್ಟುತ್ತಾ — ಅಂದು ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಆ ಫಿಡೆಲಿಸ್, ಬಾಯೆ, ನನ್ನ ವೀಸಾ ಇನ್ನೂ ಆಗಲಿಲ್ಲ, ನಿಮ್ಮ ಹೆಸರಲ್ಲಿ ಮನೆ ಮಾಡಿಕೊಡಿ, ನಮ್ಮವರಲ್ವಾ, ನಮ್ಮವರು ಎಂದಮೇಲೆ ಇಲ್ಲ ಅನ್ನುವುದು ಹೇಗೆ, ಬಂದ ಹೊಸದರಲ್ಲಿ ತನಗೂ ಯಾರೋ ಮನೆಗೆ ಹೆಸರು ಕೊಟ್ಟಿದ್ದರು, ಇಲ್ಲಿ ಎಲ್ಲರೂ ಕಾಲೂರಿದ್ದು ಹಾಗೆಯೇ — ಯಲ್ಲಾ, ನಡೀರಿ ಮೇಡಂ, ದಾರಿ ಇದೆ, ದ್ವಾರಕನಾಥ ಕಾಗದವನ್ನು ರೀಮಾಳತ್ತ ತಳ್ಳುತ್ತಾನೆ, ಈ ಹುಡುಗಿ ಹೆಸ್ರು ಕ್ಲೀನು, ಇವ್ರ ಕೈಲಿ ಸೈನ್ ಮಾಡ್ಸಿ, ನೀವು ಆರಾಮಾಗಿರಿ, ಎಲ್ರೂ ಮಾಡೋದು ಇದೇ — ಎಲ್ಲಿ ಮಾವ್ಶಿ, ಇಲ್ಲಿಯಾ? — ಪೆನ್ನಿನ ತುದಿ, ಇನ್ನೂ ಯಾವ ಬಾಗಿಲಿಗೂ ನೋಟೀಸಾಗಿ ಅಂಟದ ಆ ಹೆಸರು, ನಾಳೆ ತನ್ನ ಕೆಲಸ ಹೋದರೆ, ಕಾಯಿಲೆ ಬಿದ್ದು ಬಾಡಿಗೆ ನಿಂತರೆ, ಇವಳೇ ಒಂದು ದಿನ ಇದೇ ಕುರ್ಚಿಯಲ್ಲಿ, ಪೆನ್ನಿನ ತುದಿ ಕಾಗದಕ್ಕೆ ತಾಗುತ್ತಿದೆ, ಪೆನ್ನಿನ ತುದಿ —

ಕೈ ತೆಗಿ ರೀಮಾ.

ಸೈನ್ ಮಾಡ್ಸಿ ಮೇಡಂ, ಹೊರಗೆ ಇನ್ನೊಂದು ಪಾರ್ಟಿ ಕಾಯ್ತಿದೆ.

ಮಾಡಿಸುವುದಿಲ್ಲ, ಅಂದಳು ಮಾರ್ಟಿನಾ. ಕೊಡುವುದಾದರೆ ನನ್ನ ಹೆಸರಿಗೆ ಕೊಡಿ.