ತಿದ್ದಿದ ಬಣ್ಣ

ಮಾನಿಟರಿನ ಮುಖದ ಮೇಲೆ ಅಂಗೈಯಗಲದ ಕಪ್ಪು ಯಂತ್ರವೊಂದನ್ನು ತೂಗುಬಿಟ್ಟು, ಇನ್ನು ಐದು ನಿಮಿಷ ಯಾರೂ ಮುಟ್ಟಬಾರದೆಂದು ಹೇಳಿ ರಿಪೇರಿಯವನು ಕೈಕಟ್ಟಿ ಕುಳಿತ. ಯಂತ್ರದ ಅಡಿಯಲ್ಲಿ ಕೆಂಪು, ಹಸಿರು, ನೀಲಿ, ಬೂದು ಒಂದಾದ ಮೇಲೊಂದು ಬಂದು ಹೋದವು. ಮನುಷ್ಯರ ಕಣ್ಣನ್ನು ಏಮಾರಿಸಬಹುದು, ಇದನ್ನು ಆಗದು, ಯಾವ ಬಣ್ಣ ಎಷ್ಟು ತಪ್ಪಿದೆ ಎಂದು ಅಳೆದು ಅದೇ ಸರಿಮಾಡುತ್ತದೆ ಎಂದು ಸ್ಟುಡಿಯೋದವರಿಗೆಲ್ಲ ಪಾಠ ಒಪ್ಪಿಸಿದ.

ಅವನನ್ನು ಕರೆಸಿದ್ದು ಸ್ಟುಡಿಯೋದ ಯಜಮಾನರು. ಹದಿನಾರು ವರ್ಷದಿಂದ ಅಲ್ಲಿ ಫೋಟೋ ತಿದ್ದುವವಳನ್ನು ಅವರೂ ಸೇರಿ ಎಲ್ಲರೂ ಅಕ್ಕ ಎಂದೇ ಕರೆಯುವುದು. ಅಕ್ಕ ತಿದ್ದಿದ ಮದುವೆ ಫೋಟೋಗಳಲ್ಲಿ ಗಂಡು ಹೆಣ್ಣು ಇಬ್ಬರೂ ಚಳಿಗೆ ಸೆಟೆದವರ ಹಾಗೆ ನೀಲಿಗಟ್ಟಿದ್ದಾರೆ ಎಂದು ಪ್ರಿಂಟ್ ಹಾಕುವವರು ಮೂರು ಸಲ ದೂರಿದ್ದರು. ಅಕ್ಕ ಜಗ್ಗುವವಳಲ್ಲ. ತನ್ನ ಕಣ್ಣಳತೆಯ ಮೇಲೆ ಅವಳಿಗೆ ಬೆಟ್ಟದಷ್ಟು ಜಂಬ. ಬರುವ ಫೋಟೋಗಳೆಲ್ಲ ಹಳದಿ ತಿರುಗಿರುತ್ತವೆಂದು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದರಿಂದಲೂ ಹಳದಿಯನ್ನು ಆರಿಸಿ ಎಸೆಯುತ್ತಿದ್ದಳು. ಹಳದಿ ತಿರುಗಿದ್ದು ಮಾನಿಟರ್ ಎಂದು ಯಂತ್ರ ಈಗ ಹೇಳಿತು.

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತಾರಲ್ಲ ಅಕ್ಕ, ನಿಮ್ಮ ಮಾನಿಟರಿಗೆ ಆಗಿರೋದು ಅದೇ," ಎಂದ ರಿಪೇರಿಯವನು. ಎಲ್ಲರೂ ನಕ್ಕರು. ಅಕ್ಕನೂ ಮುಖ ಸಪ್ಪಗೆ ಮಾಡಿಕೊಂಡೇ ನಕ್ಕಳು.

ಸರಿಹೋದ ಮಾನಿಟರನ್ನು ಪರೀಕ್ಷಿಸಲು ಅವಳು ತೆರೆದದ್ದು ಮೊನ್ನೆಯ ಫೋಟೋ. ತಂಗಿ ಹೆತ್ತು ನಾಲ್ಕನೆಯ ದಿನ ತಾನೇ ಹೋಗಿ ತೆಗೆದದ್ದು. ಅಂದು ಕಣ್ಣೆದುರೇ ಮಗು ಹಳದಿ ಎನಿಸಿತ್ತು. ಕಿಟಕಿಯ ಕರ್ಟನ್ ಹಳದಿ, ಅದರ ನೆರಳು ಎಂದುಕೊಂಡಿದ್ದಳು. ಸ್ಟುಡಿಯೋದಲ್ಲಿ ಎಂದಿನಂತೆ ಹಳದಿ ತೆಗೆದು, ಕೆನ್ನೆ ಕೆಂಪಗೆ ಮಾಡಿ ಕಳಿಸಿದ್ದಳು. ನೆಂಟರಿಷ್ಟರೆಲ್ಲ ಮಗುವನ್ನು ಹೊಗಳಿದ್ದೇ ಹೊಗಳಿದ್ದು.

ಈಗ ನೋಡಿದರೆ ಆ ಫೋಟೋದಲ್ಲಿ ಮಗು ಮಲಗಿದ ಬಿಳಿ ಬಟ್ಟೆ ನೀಲಿ ಹಾಕಿ ಒಗೆದಂತಿತ್ತು. ತನ್ನ ಕೆಲಸಕ್ಕೆ ತಾನೇ ನಾಚಿ, ತಿದ್ದುವ ಮೊದಲಿನ ಫೋಟೋ ತೆರೆದಳು. ಬಟ್ಟೆ ಹಾಲಿನಷ್ಟು ಬೆಳ್ಳಗಿತ್ತು. ಕ್ಲಿಕ್ಕಿಸುವ ಮುಂಚೆ ಆ ಬಟ್ಟೆಗೇ ಕ್ಯಾಮೆರಾ ಹಿಡಿದು ಬಿಳಿ ಯಾವುದೆಂದು ಅದಕ್ಕೆ ತೋರಿಸಿಕೊಟ್ಟಿದ್ದಳು. ಅದಿಲ್ಲದೆ ಅವಳು ಫೋಟೋ ತೆಗೆಯುವವಳೇ ಅಲ್ಲ. ಕರ್ಟನ್ನಿನ ಹಳದಿ ಕ್ಯಾಮೆರಾದಲ್ಲಿ ಅಲ್ಲಿಗೇ ಕಳೆದುಹೋಗಿತ್ತು. ಆದರೂ ಆ ಬಟ್ಟೆಯ ಮೇಲೆ ಮಗುವಿನ ಹಣೆ, ಎದೆ, ಹೊಟ್ಟೆ ಹಳದಿ. ಅರೆತೆರೆದ ಕಣ್ಣಿನ ಬಿಳಿಯೂ ಹಳದಿ.

ಅಕ್ಕ ತಟ್ಟನೆ ಎದ್ದಳು. ಅಂಗಳಕ್ಕೆ ಬಂದು ತಂಗಿಗೆ ಫೋನ್ ಮಾಡಿ, ಮಗು ಹೇಗಿದೆ ಎಂದಳು.

"ಮಲಗಿದೆ ಕಣೆ. ಬೆಳಿಗ್ಗೆಯಿಂದ ಬರೀ ನಿದ್ದೆ, ಹಾಲಿಗೂ ಏಳಲ್ಲ. ರಗಳೆನೇ ಇಲ್ಲ," ಎಂದಳು ತಂಗಿ ಹೆಮ್ಮೆಯಿಂದ.

ಮೈ ಹಳದಿ ಕಾಣುತ್ತದೆಯೇ ಎಂದದ್ದಕ್ಕೆ ತಂಗಿ ನಕ್ಕಳು. ಅತ್ತೆಗೂ ನಿನ್ನೆ ಅದೇ ಅನುಮಾನ ಬಂದು ಆಸ್ಪತ್ರೆಗೆ ಫೋನ್ ಮಾಡಿಸಿದ್ದರಂತೆ. ನರ್ಸು ಫೋಟೋ ಕಳಿಸಿ ಎಂದಿದ್ದಳಂತೆ.

"ನಮ್ಮ ಫೋನಲ್ಲಿ ಸರಿಯಾಗಿ ಬರಲ್ಲ ಅಂತ ನೀನು ತೆಗೆದಿದ್ದನ್ನೇ ಕಳಿಸಿದೆ. ಏನೂ ತೊಂದರೆ ಇಲ್ಲ ಅಂದ್ರು."

ಸುಮ್ಮನೆ ಒಮ್ಮೆ ಆಸ್ಪತ್ರೆಗೆ ತೋರಿಸಿ ಬಾ ಎಂದು ಜಾರಿಕೊಳ್ಳಬಹುದಿತ್ತು. ಆ ಮಾತು ಅಕ್ಕನ ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಸುಮ್ಮನೆ ಎಂದರೆ ತಂಗಿ ನಾಳೆ ಎನ್ನುತ್ತಾಳೆ ಎಂಬುದೂ ಅವಳಿಗೆ ಗೊತ್ತಿತ್ತು.

"ಆ ಫೋಟೋದಲ್ಲಿ ಹಳದಿ ತೆಗೆದಿದ್ದು ನಾನು. ಮಗು ನಿಜವಾಗ್ಲೂ ಹಳದಿ ಇದೆ. ಕೂತಲ್ಲಿಂದ ಎದ್ದು ಹೊರಡು."

ತಂಗಿ ಫೋನ್ ಇಟ್ಟಳು.

ಅಕ್ಕ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಹಳದಿ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಕಾಮಾಲೆ ಏರಿ ಅಪಾಯದ ಅಂಚಿಗೆ ಬಂದಿದೆ, ನಾಲ್ಕು ಗಂಟೆ ಬಿಟ್ಟು ರಕ್ತ ಪರೀಕ್ಷೆ ಮಾಡುತ್ತೇವೆ, ಇಳಿಯದಿದ್ದರೆ ಮಿದುಳಿಗೆ ಪೆಟ್ಟು, ರಕ್ತವನ್ನೇ ಬದಲಿಸಬೇಕು ಎಂದಿದ್ದರು ಡಾಕ್ಟರು. ಮಿದುಳಿಗೆ ಏನಾದರೂ ಆಗಿದೆಯೇ ಎಂದು ತಂಗಿ ಕೇಳಿದ್ದಕ್ಕೆ ಈಗಲೇ ಹೇಳಲಾಗದು ಎಂದಿದ್ದರಂತೆ. ಇದನ್ನೆಲ್ಲ ಹೇಳಿದ್ದು ತಂಗಿಯ ಅತ್ತೆ. ತಪ್ಪು ಯಾರಿಂದಲೂ ಆಗುತ್ತದೆ ಬಿಡಮ್ಮ ಎಂದೂ ಸೇರಿಸಿದರು. ಬೈದಿದ್ದರೆ ಅಕ್ಕನಿಗೆ ಅದಕ್ಕಿಂತ ಹಗುರವಾಗುತ್ತಿತ್ತು. ತಂಗಿ ಬೆಂಚಿನ ಮೇಲೆ ತನ್ನ ಪಕ್ಕದ ಖಾಲಿ ಜಾಗಕ್ಕೆ ಚೀಲ ಸರಿಸಿ ಕುಳಿತಿದ್ದಳು. ಅಕ್ಕ ನಾಲ್ಕು ಗಂಟೆಯೂ ಗೋಡೆಗೊರಗಿ ನಿಂತಳು.

ಸಂಜೆ ನರ್ಸು ರಕ್ತ ತೆಗೆಯಲು ಬಂದು ನೀಲಿ ದೀಪ ಆರಿಸಿದಳು. ತಂಗಿ ಎದ್ದು ಗಾಜಿನ ಬಳಿ ಹೋದಳು, ತಿರುಗಿ ನೋಡಿದಳು.

"ಅಕ್ಕ, ನಿಂಗೆ ಬಣ್ಣ ಗೊತ್ತಾಗುತ್ತಲ್ಲ. ನೋಡಿ ಹೇಳು. ಇಳಿದಿದೆಯಾ?"

ಅಕ್ಕ ಬಗ್ಗಿ ನೋಡಿದಳು. ಹೊಟ್ಟೆ ತಿಳಿಯಾದಂತಿತ್ತು. ಕಣ್ಣು ಕಂಡದ್ದೋ ಮನಸ್ಸು ಬೇಡಿದ್ದೋ ತಿಳಿಯಲಿಲ್ಲ. ಇಳಿದಿದೆ ಎಂದುಬಿಡಲು ಜೀವ ಹಾತೊರೆಯಿತು.

"ನಂಗೆ ಗೊತ್ತಾಗ್ತಿಲ್ಲ," ಎಂದಳು.

ನರ್ಸು ಪುಟ್ಟ ಹಿಮ್ಮಡಿಯಿಂದ ತೆಗೆದ ರಕ್ತದ ಕೊಳವೆಗೆ ಕಪ್ಪು ಕಾಗದ ಸುತ್ತಿದಳು. ಬೆಳಕು ತಾಗಿದರೆ ಅಳತೆ ತಪ್ಪುತ್ತದಂತೆ. ಮತ್ತೆ ನೀಲಿ ದೀಪ ಹಾಕಿ, ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು. ಅಕ್ಕ ತಂಗಿಯರಿಬ್ಬರೂ ಆ ಮುಷ್ಟಿಯನ್ನೇ ನೋಡುತ್ತ, ಅದು ಕಾರಿಡಾರಿನ ತಿರುವಿನಲ್ಲಿ ಮರೆಯಾಗುವವರೆಗೂ ನಿಂತರು.